ನನ್ನ ಪರವಾಗಿ ಯಾರು ಮಾತಾಡಬೇಕು? ಲಿವಿಂಗ್ ವಿಲ್ ಬರೆಸಿದ ಅನುಭವ

ಲಿವಿಂಗ್ ವಿಲ್ ಅಂದರೆ, ಮುಂದೆ ಗುಣವಾಗದ ಸ್ಥಿತಿಗೆ ಬಂದು ನಾನೇ ಹೇಳಲು ಆಗದಿದ್ದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಕಾಗದ. ಅದನ್ನು ಬರೆಸುವುದು ಅಂಥ ಕಷ್ಟದ ಕೆಲಸವೇನಲ್ಲ. ಇಬ್ಬರು ಸಾಕ್ಷಿಗಳು ಬೇಕು. ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಬೇಕು. ಬರೆದದ್ದು ಬೇರೆಯವರಿಗೆ ಗೊಂದಲವಿಲ್ಲದೆ ಅರ್ಥವಾಗಬೇಕು. ಆದರೆ ಅದರಲ್ಲಿ ಒಂದು ಜಾಗ ಖಾಲಿ ಇರುತ್ತದೆ. ನನಗೆ ಪ್ರಜ್ಞೆ ಇಲ್ಲದಾಗ, ಬಾಯಿ ಬರದಾಗ, ನನ್ನ ಪರವಾಗಿ ಡಾಕ್ಟರ ಹತ್ತಿರ ಯಾರು ಮಾತಾಡಬೇಕು ಅಂತ ಹೆಸರು ಬರೆಯುವ ಜಾಗ. ಆ ಜಾಗ ತುಂಬುವುದಕ್ಕೆ ನಮ್ಮ ಮನೆಯಲ್ಲಿ ಒಂದಿಡೀ ಮಳೆಗಾಲ ಹೋಯಿತು. ಸಕಲೇಶಪುರದ ಕಡೆ ಮಳೆಗಾಲ ಎಷ್ಟು ಉದ್ದ ಅಂತ ಗೊತ್ತಿರುವವರಿಗೆ ಗೊತ್ತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದವಳು. ನಿವೃತ್ತಿಯಾಗಿ ಕೆಲವು ವರ್ಷವಾಯಿತು. ಯಜಮಾನರು ಹೋದ ಮೇಲೂ ಊರಲ್ಲೇ ಇದ್ದೇನೆ. ಸ್ವಲ್ಪ ಕಾಫಿ, ಒಂದಿಷ್ಟು ಮೆಣಸು. ಮಗ ಬೆಂಗಳೂರಿನಲ್ಲಿ, ಮಗಳು ಹಾಸನದಲ್ಲಿ. ಬಿಪಿ, ಶುಗರ್ ಎರಡೂ ಇವೆ. ಮಾತ್ರೆ ನುಂಗಿಕೊಂಡು ಚೆನ್ನಾಗಿಯೇ ಓಡಾಡುತ್ತೇನೆ. "ಇಷ್ಟು ಗಟ್ಟಿ ಇದ್ದೀರಲ್ಲ, ಈಗ್ಯಾಕೆ ಇದೆಲ್ಲ?" ಅಂತ ಕೇಳದವರೇ ಇಲ್ಲ. ಗಟ್ಟಿ ಇರುವಾಗಲೇ ಬರೆಯಬೇಕು. ಬುದ್ಧಿ ಸ್ವಾಧೀನದಲ್ಲಿರುವ, ಏನು ಬರೆಯುತ್ತಿದ್ದೇನೆ ಅಂತ ಗೊತ್ತಿರುವ ವಯಸ್ಕರು ಮಾತ್ರ ಬರೆಯಬಹುದು ಅಂತ ಕಾನೂನೇ ಹೇಳುತ್ತದೆ. ಐಸಿಯುಗೆ ಹೋದ ಮೇಲೆ ಬರೆಯುತ್ತೇನೆ ಅಂದರೆ ಆಗುವುದಿಲ್ಲ.

ನನಗೆ ಇದರ ಯೋಚನೆ ಹತ್ತಿಸಿದ್ದು ನಮ್ಮ ಭಾವನವರ ಕಾಯಿಲೆ. ಯಜಮಾನರ ಅಣ್ಣ ಅವರು. ತೋಟದಿಂದ ಬಂದು ಕೂತವರಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ವೆಂಟಿಲೇಟರ್ ಹಾಕಿದರು. ಆಮೇಲೆ ಗಂಟಲಿಗೆ ತೂತು ಮಾಡಿ ಪೈಪ್ ಇಟ್ಟರು. ಮೂಗಿನಿಂದ ಹೊಟ್ಟೆಗೆ ಇನ್ನೊಂದು ಪೈಪ್. ಕಣ್ಣು ತೆರೆಯುತ್ತಿದ್ದರು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಡಾಕ್ಟರು ತಪ್ಪು ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರು ಬೆಳಿಗ್ಗೆ ಬೆಳಿಗ್ಗೆ ಮನೆಯವರನ್ನು ಕರೆದು "ಮುಂದೇನು ಮಾಡೋಣ ಹೇಳಿ" ಅಂತ ಕೇಳುತ್ತಿದ್ದರು. ಮೂವರು ಗಂಡುಮಕ್ಕಳು, ಮೂರು ಮಾತು. ಮರಗಸಿ ಯಾವಾಗ ಮಾಡಿಸಬೇಕು, ಗೊಬ್ಬರ ಯಾವಾಗ ಹಾಕಬೇಕು ಅಂತ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮನುಷ್ಯ ಇದೊಂದರ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಆ ಅಣ್ಣತಮ್ಮಂದಿರು ಈಗಲೂ ನೆಟ್ಟಗೆ ಮಾತಾಡುವುದಿಲ್ಲ. ತೋಟದ ಪಾಲಿಗೆ ಜಗಳವಾಗಿದ್ದರೆ ಊರಿಗೆ ಅರ್ಥವಾಗುತ್ತಿತ್ತು. ಇದು ಪೈಪಿನ ಜಗಳ.

ಹಾಗಾಗಿ ನಾನು "ವಿಲ್ ಬರೆಸ್ತೀನಿ" ಅಂದಾಗ ಮಕ್ಕಳಿಬ್ಬರೂ ಮೊದಲು ತೋಟದ ವಿಷಯ ಅಂದುಕೊಂಡರು. ಆಸ್ತಿಯ ಉಯಿಲು ನಾನು ಸತ್ತ ಮೇಲೆ ಓದುವುದು, ಇದು ಬದುಕಿರುವಾಗಲೇ ಓದುವುದು ಅಂತ ಬಿಡಿಸಿ ಹೇಳಿದೆ. ಮಗನಿಗೆ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಇದರ ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ, ಹಳೇ ಮೇಷ್ಟ್ರ ಚಟ. ಮುಂಬೈನ ಕೆಇಎಂ ಆಸ್ಪತ್ರೆಯ ನರ್ಸ್ ಅರುಣಾ ಶಾನಭಾಗ್ ಹೆಸರು ಕೇಳಿರುತ್ತೀರಿ. 1973ರಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬನ ಹಲ್ಲೆಗೆ ಸಿಕ್ಕಿ ಪ್ರಜ್ಞೆ ಕಳೆದುಕೊಂಡವರು 2015ರವರೆಗೆ ಅದೇ ಸ್ಥಿತಿಯಲ್ಲಿ ಬದುಕಿದ್ದರು. ಅವರ ಕೇಸಿನಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಮೊದಲ ಬಾರಿಗೆ ಒಂದು ದಾರಿ ಹೇಳಿತು. ಗುಣವಾಗದ ಸ್ಥಿತಿಯಲ್ಲಿ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದು, ಆದರೆ ಹೈಕೋರ್ಟಿನ ಒಪ್ಪಿಗೆ ಬೇಕು ಅಂತ. ಅರುಣಾ ಅವರಿಗೆ ಮಾತ್ರ ಅದು ಅನ್ವಯವಾಗಲಿಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ಸಿಬ್ಬಂದಿ ಬೇಡ ಅಂದರು. ಆಮೇಲೆ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಸಂಸ್ಥೆಯ ಕೇಸಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೇ ಬರುತ್ತದೆ, ಮುಂಚಿತವಾಗಿ ಬರೆದಿಟ್ಟರೆ ಅದಕ್ಕೆ ಬೆಲೆ ಇದೆ ಅಂತ. ಆದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಯಾವ ಹಳ್ಳಿಯ ಮುದುಕಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ನಿಲ್ಲುತ್ತಾಳೆ? 2023ರ ಜನವರಿ 24ರಂದು ಅದೇ ಕೋರ್ಟು ಆ ನಿಯಮ ಸಡಿಲಿಸಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂದಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ನಾನು ಪೇಪರಿನಲ್ಲಿ ಓದಿ ಕತ್ತರಿಸಿ ಇಟ್ಟುಕೊಂಡದ್ದು ಅದನ್ನೇ.

ಒಂದು ಮಾತು. ಇದು ಇಂಜೆಕ್ಷನ್ ಕೊಟ್ಟು ಸಾಯಿಸಿ ಅಂತ ಕೇಳುವ ಕಾಗದವಲ್ಲ. ಅದು ನಮ್ಮ ದೇಶದಲ್ಲಿ ಅಪರಾಧ. ಕಾಯಿಲೆ ತನ್ನ ದಾರಿ ಹಿಡಿದಾಗ ಸುಮ್ನೆ ಎಳೆಯಬೇಡಿ ಅನ್ನುವುದಷ್ಟೇ ಇದರಲ್ಲಿರುವುದು. ಈ ಎರಡರ ನಡುವಿನ ವ್ಯತ್ಯಾಸವನ್ನು ಊರಲ್ಲಿ ಎಷ್ಟು ಜನಕ್ಕೆ ಹೇಳಿದೆನೋ ಲೆಕ್ಕವಿಲ್ಲ.

ಮೊದಲ ಕರಡನ್ನು ನಾನೇ ನೋಟ್‌ಬುಕ್ಕಿನಲ್ಲಿ ಬರೆದೆ. "ವೆಂಟಿಲೇಟರ್ ಬೇಡ. ಐಸಿಯು ಬೇಡ. ಡಯಾಲಿಸಿಸ್ ಬೇಡ." ನೋಡುವುದಕ್ಕೆ ಖಡಕ್ಕಾಗಿತ್ತು. ನಮ್ಮ ಮನೆಯವರನ್ನೆಲ್ಲ ನೋಡಿಕೊಂಡು ಬಂದ ಡಾಕ್ಟರೊಬ್ಬರು ಪೇಟೆಯಲ್ಲಿದ್ದಾರೆ. ಕುಟುಂಬದ ಡಾಕ್ಟರಿದ್ದರೆ ಅವರಿಗೂ ಒಂದು ಪ್ರತಿ ಕೊಡಬೇಕು ಅಂತ ತೀರ್ಪಿನಲ್ಲೇ ಇದೆ. ಹೇಗೂ ಕೊಡಬೇಕಲ್ಲ, ಮೊದಲೇ ತೋರಿಸೋಣ ಅಂತ ಹೋದೆ. ಪೇಷಂಟುಗಳೆಲ್ಲ ಮುಗಿದ ಮೇಲೆ ಓದಿದರು.

"ಮೇಡಂ, ನಾಳೆ ತೋಟದಲ್ಲಿ ನಿಮಗೆ ನಾಗರಹಾವು ಕಚ್ಚುತ್ತೆ ಅಂತ ಇಟ್ಕೊಳ್ಳಿ" ಅಂದರು.

ಇಟ್ಟುಕೊಂಡೆ.

"ಅದರ ವಿಷಕ್ಕೆ ಉಸಿರಾಡುವ ಸ್ನಾಯುಗಳೇ ಕೆಲಸ ನಿಲ್ಲಿಸಿಬಿಡ್ತವೆ. ವೆಂಟಿಲೇಟರ್ ಹಾಕಿ, ವಿಷಕ್ಕೆ ಔಷಧಿ ಕೊಟ್ಟರೆ ಕೆಲವು ದಿನದಲ್ಲಿ ಎದ್ದು ನಡೆದುಕೊಂಡು ಮನೆಗೆ ಬರ್ತೀರಿ. ನಿಮ್ಮ ಈ ಕಾಗದ ನೋಡಿ ವೆಂಟಿಲೇಟರ್ ಹಾಕಲಿಲ್ಲ ಅಂದ್ರೆ?"

ನನಗೆ ಅಲ್ಲಿಗೆ ತಲೆಗೆ ಹೋಯಿತು. ಮೆಷಿನ್ ಕೆಟ್ಟದ್ದಲ್ಲ. ಅದು ಯಾವಾಗ ಬೇಡ ಅನ್ನುವುದನ್ನು ಬರೆಯಬೇಕು. ಮೊದಲು ಸ್ಥಿತಿ, ಆಮೇಲೆ ಚಿಕಿತ್ಸೆ. ನ್ಯುಮೋನಿಯಾಕ್ಕೆ, ಅಪಘಾತಕ್ಕೆ, ಆಪರೇಷನ್ ಆದ ಮೇಲೆ ವೆಂಟಿಲೇಟರ್ ಹಾಕುತ್ತಾರೆ, ತೆಗೆಯುತ್ತಾರೆ. ಸೋಂಕು ಜಾಸ್ತಿಯಾಗಿ ಕಿಡ್ನಿ ಕೈಕೊಟ್ಟರೆ ಸ್ವಲ್ಪ ದಿನ ಡಯಾಲಿಸಿಸ್ ಮಾಡಿ ಸರಿಯಾದವರೂ ಇದ್ದಾರೆ. ಇವೆಲ್ಲ ನನಗೂ ಬೇಕು. ನಾನು ಇನ್ನೂ ಬದುಕಬೇಕು ಅಂತಲೇ ಇರುವವಳು.

ಡಾಕ್ಟರು ಒಂದೊಂದೇ ಕೇಳುತ್ತಾ ಹೋದರು, ನಾನು ಬರೆದುಕೊಳ್ಳುತ್ತಾ ಹೋದೆ. ಕ್ಯಾನ್ಸರಿನಂಥ ಕಾಯಿಲೆ ಕೊನೆ ಹಂತಕ್ಕೆ ಬಂದು, ಇನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ ಅಂತಾದರೆ ಏನು? ಮೆದುಳಿಗೆ ಪೆಟ್ಟಾಗಿ ಪ್ರಜ್ಞೆ ಮರಳುವ ಭರವಸೆ ಇಲ್ಲ ಅಂತ ತಜ್ಞರು ಹೇಳಿದರೆ? ಮರೆವಿನ ಕಾಯಿಲೆ ಪೂರ್ತಿ ಮುಂದುವರಿದು, ಮಕ್ಕಳ ಗುರುತೂ ಸಿಗದೆ, ನುಂಗುವುದೂ ಬಿಟ್ಟುಹೋಗಿ ಕೊನೆಗಾಲ ಬಂದರೆ? ಹೃದಯ ನಿಂತಾಗ ಎದೆ ಒತ್ತಿ ಮತ್ತೆ ನಡೆಸುವುದು ಬೇಕಾ? ಬಸ್ ಸ್ಟ್ಯಾಂಡಿನಲ್ಲಿ ಇದ್ದಕ್ಕಿದ್ದಂತೆ ಕುಸಿದುಬಿದ್ದರೆ ಖಂಡಿತ ಒತ್ತಲಿ ಅಂದೆ. ಕ್ಯಾನ್ಸರ್ ಮೈಯೆಲ್ಲ ಹರಡಿ ಹಾಸಿಗೆ ಹಿಡಿದಾಗ ಬೇಡ. ಆಗ ಒತ್ತಿದರೆ ಪಕ್ಕೆಲುಬು ಮುರಿಯಬಹುದೇ ಹೊರತು ಹೆಚ್ಚೇನೂ ಸಿಗುವುದಿಲ್ಲ ಅಂತ ಅವರೇ ಹೇಳಿದರು.

ಇನ್ನೊಂದು ಸಾಲು ಅವರು ಸೇರಿಸಿಸಿದ್ದು. ಗುಣವಾಗುತ್ತದೋ ಇಲ್ಲವೋ ಅಂತ ಗೊತ್ತಿಲ್ಲದಿದ್ದಾಗ ಮೆಷಿನ್ ಹಾಕಿ ನೋಡಲಿ, ಸುಧಾರಣೆ ಇಲ್ಲ ಅಂತ ಖಚಿತವಾದ ಮೇಲೆ ತೆಗೆಯಲಿ. ಹಾಕುವುದನ್ನು ಬೇಡ ಅನ್ನುವ ಹಾಗೆಯೇ ಹಾಕಿದ್ದನ್ನು ತೆಗೆಯಿರಿ ಅನ್ನಲೂ ಕಾನೂನಿನಲ್ಲಿ ಅವಕಾಶ ಇದೆ. ನಮ್ಮ ಜನಕ್ಕೆ ಈ ವಿಷಯ ಗೊತ್ತಾಗಬೇಕು. "ಒಂದ್ಸಲ ಹಾಕಿದ್ರೆ ತೆಗೆಯೋಕೆ ಬರಲ್ವಂತೆ" ಅಂತ ಹೆದರಿ, ಹಾಕಲೇಬೇಕಾದಾಗಲೂ ಬೇಡ ಅನ್ನುವವರನ್ನು ನಾನು ನೋಡಿದ್ದೇನೆ.

ಮತ್ತೆ ನೋವಿನ ಮಾತು. ಚಿಕಿತ್ಸೆ ನಿಲ್ಲಿಸಿ ಅಂದರೆ ನೋಡಿಕೊಳ್ಳುವುದನ್ನೂ ನಿಲ್ಲಿಸಿ ಅಂತಲ್ಲ. ನೋವಿಗೆ, ಉಬ್ಬಸಕ್ಕೆ ಔಷಧಿ ಕೊಡುತ್ತಲೇ ಇರಬೇಕು, ಮಾರ್ಫಿನ್ ಬೇಕಾದರೂ ಕೊಡಲಿ, ಬಾಯಿ ಒಣಗದ ಹಾಗೆ, ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳಲಿ ಅಂತ ಬರೆಸಿದೆ. ಸಾಧ್ಯವಾದರೆ ಮನೆಗೆ ಕರೆದುಕೊಂಡು ಬನ್ನಿ ಅಂತಲೂ ಸೇರಿಸಿದೆ. ಅದು ಕಾನೂನಿಗೆ ಬೇಕಾದ ಸಾಲಲ್ಲ, ನನಗೆ ಬೇಕಾದದ್ದು.

ಎಲ್ಲಕ್ಕಿಂತ ಕಷ್ಟವಾದದ್ದು ಮೂಗಿನ ಪೈಪಿನ ಸಾಲು. ವೆಂಟಿಲೇಟರ್ ಬೇಡ ಅಂದರೆ ಜನ ಒಪ್ಪುತ್ತಾರೆ, ಅದು ಮೆಷಿನ್. ಪೈಪಿನಲ್ಲಿ ಹೋಗುವುದು ಗಂಜಿ. ಅದನ್ನು ಬೇಡ ಅನ್ನಿಸಿದರೆ "ಅನ್ನ ನೀರು ಕೊಡದೆ ಸಾಯಿಸಿದರು" ಅಂತ ಮಾತು ಬರುತ್ತದೆ. ಮಕ್ಕಳ ತಲೆ ಮೇಲೆ ಆ ಮಾತು ಇಡೀ ಜೀವಮಾನ ಕೂತಿರುತ್ತದೆ. ನಮ್ಮ ತಂಗಿ ಕೇಳಿದ ತಕ್ಷಣ ಕಿವಿ ಮುಚ್ಚಿಕೊಂಡಳು. "ಅಕ್ಕ, ಬೇರೆ ಏನು ಬೇಕಾದ್ರೂ ಬರಿ, ಇದೊಂದು ಬೇಡ ಕಣೆ" ಅಂದಳು.

ಇದೇ ಮಾತಿನ ನಡುವೆ ಪಕ್ಕದ ತೋಟದ ಯಜಮಾನರು "ನಮ್ಮ ಜಿಲ್ಲೆಯಲ್ಲೇ ಸಲ್ಲೇಖನ ಇಲ್ವಾ ಮೇಡಂ, ಇದು ಅದೇ ಅಲ್ವಾ?" ಅಂದರು. ಪ್ರತಿ ವರ್ಷ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಪ್ರವಾಸ ಕರೆದುಕೊಂಡು ಹೋದವಳಿಗೆ ಈ ಪ್ರಶ್ನೆ ಕೇಳಿದರೆ ಬಿಡುತ್ತೇನಾ? ಎಲ್ಲರೂ ಬಾಹುಬಲಿ ನೋಡಿ ಬಂದುಬಿಡುತ್ತಾರೆ. ಎದುರಿನ ಚಿಕ್ಕಬೆಟ್ಟ, ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನ, ಅಂದರೆ ಅನ್ನ ನೀರು ಬಿಡುತ್ತಾ ಹೋಗುವ ಜೈನರ ವ್ರತ ಹಿಡಿದು ದೇಹ ಬಿಟ್ಟವರ ಶಾಸನಗಳು ಎಷ್ಟೋ ಇವೆ. ರಾಷ್ಟ್ರಕೂಟರ ನಾಲ್ಕನೇ ಇಂದ್ರ 982ರಲ್ಲಿ ಅಲ್ಲೇ ಸಲ್ಲೇಖನ ಕೈಗೊಂಡು ತೀರಿಕೊಂಡ. 2015ರಲ್ಲಿ ರಾಜಸ್ಥಾನ ಹೈಕೋರ್ಟು ಅದನ್ನು ಆತ್ಮಹತ್ಯೆ ಅಂತ ಕರೆದಾಗ, ಸುಪ್ರೀಂ ಕೋರ್ಟು ಅದೇ ತಿಂಗಳು ಆ ಆದೇಶಕ್ಕೆ ತಡೆ ಕೊಟ್ಟಿತು. ಆದರೆ ಅದು ಬೇರೆ, ಇದು ಬೇರೆ. ಅಲ್ಲಿ ಮನುಷ್ಯ ಎಚ್ಚರವಾಗಿದ್ದು, ತಾನೇ ದಿನದಿನಕ್ಕೆ ಬಿಡುತ್ತಾ ಹೋಗುತ್ತಾನೆ. ಅದು ವ್ರತ. ನನ್ನದು ಎಚ್ಚರವೇ ಇಲ್ಲದ ದಿನದ ಮಾತು. ನನಗೆ ಅಷ್ಟು ವೈರಾಗ್ಯವೂ ಇಲ್ಲ. ಮಧ್ಯಾಹ್ನ ಮೀನು ಸಾರಿಲ್ಲದಿದ್ದರೆ ಮುಖ ಗಂಟು ಹಾಕುವವಳು ನಾನು.

ಕೊನೆಗೆ ಪೈಪಿನ ಸಾಲನ್ನು ಹೀಗೆ ಬರೆಸಿದೆ. ಬಾಯಲ್ಲಿ ನುಂಗಲು ಆಗುವಷ್ಟು ದಿನ ತಿನ್ನಿಸಿ, ಕುಡಿಸಿ. ಪ್ರಜ್ಞೆ ಮರಳುವುದಿಲ್ಲ ಅಂತ ಎರಡೂ ಮೆಡಿಕಲ್ ಬೋರ್ಡ್ (ಇದನ್ನು ನಿರ್ಧರಿಸುವ ಡಾಕ್ಟರ ಎರಡು ತಂಡ, ಮುಂದೆ ಹೇಳುತ್ತೇನೆ) ಹೇಳಿದ ಮೇಲೆ ಪೈಪಿನಲ್ಲಿ ಆಹಾರ ಕೊಡುವುದು ಬೇಡ.

ಈಗ ಹೆಸರಿನ ವಿಷಯ. ಯಾರನ್ನು ಕೇಳಿದರೂ "ಮಗ ಇದ್ದಾನಲ್ಲ" ಅನ್ನುತ್ತಾರೆ. ನನ್ನ ಮಗ ಒಳ್ಳೆಯವನು. ಅದೇ ತೊಂದರೆ. ಅಪ್ಪನಿಗೆ ಹುಷಾರು ತಪ್ಪಿದಾಗ ಅವನು ಡಾಕ್ಟರ ಕೈ ಹಿಡಿದುಕೊಂಡು "ಏನಾದ್ರೂ ಮಾಡಿ ಸಾರ್" ಅಂತಿದ್ದದ್ದು ನನ್ನ ಕಣ್ಣೆದುರೇ ಇದೆ. ಅವನ ಬಾಯಿಂದ "ಸಾಕು" ಅನ್ನುವ ಮಾತು ಹೊರಡುವುದಿಲ್ಲ. ಹೊರಡಿಸಿದರೆ ಅವನು ಆಮೇಲೆ ನಿದ್ದೆ ಮಾಡುವುದಿಲ್ಲ.

ನನ್ನ ಮನಸ್ಸಿನಲ್ಲಿದ್ದದ್ದು ಸೊಸೆ. ಧೈರ್ಯಸ್ಥೆ, ಯಾವುದಕ್ಕೂ ಗಾಬರಿಯಾಗುವುದಿಲ್ಲ, ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಹೇಳಿದರೆ "ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳಿ" ಅನ್ನುವ ಹುಡುಗಿ. ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ನೀವು ಹೇಳಿದ್ದೆಲ್ಲ ಸರಿ ಅತ್ತೆ. ನನ್ನ ಹೆಸರು ಮಾತ್ರ ಹಾಕ್ಬೇಡಿ" ಅಂದಳು. "ನಾಳೆ ಊರಲ್ಲಿ ಏನಂತಾರೆ ಗೊತ್ತಾ? ಸೊಸೆ ಅತ್ತೆಯ ಪೈಪ್ ತೆಗೆಸಿದಳು ಅಂತಾರೆ. ತಿಥಿ ದಿನವೇ ಶುರುವಾಗುತ್ತೆ."

ನಾನು ವಾದ ಮಾಡಲಿಲ್ಲ. ಈ ಊರಲ್ಲಿ ಅವಳಿಗಿಂತ ಜಾಸ್ತಿ ವರ್ಷ ಇರುವವಳು ನಾನು. ಅವಳು ಹೇಳಿದ್ದು ಅಕ್ಷರಶಃ ನಿಜ.

ಮಗಳನ್ನು ನಾನು ಮೊದಲು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಸಣ್ಣದಕ್ಕೂ ಅಳುತ್ತಾಳೆ. ಆದರೆ ಭಾವನವರ ಕಾಲದಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಉಳಿಯುತ್ತಿದ್ದದ್ದು ಅವಳೇ ಅಂತ ಆಮೇಲೆ ನೆನಪಾಯಿತು. ಕೇಳಿದೆ. ಅತ್ತಳು. ಅಳುತ್ತಲೇ "ನಾನು ಹೇಳ್ತೀನಿ ಅಮ್ಮ. ಅಳ್ತಾ ಹೇಳ್ತೀನಿ, ಪರವಾಗಿಲ್ವಾ?" ಅಂದಳು. ಪರವಾಗಿಲ್ಲ ಅಂದೆ. ಎರಡನೇ ಹೆಸರು ನನ್ನ ತಮ್ಮನದು. ಮಗಳು ಸಿಗದಿದ್ದರೆ, ಅವಳಿಗೆ ಆಗದಿದ್ದರೆ ಅವನು. ಒಬ್ಬರಿಗಿಂತ ಹೆಚ್ಚು ಜನರ ಹೆಸರು ಹಾಕಬಹುದು, ಹಾಕುವುದೇ ಒಳ್ಳೆಯದು. ಆದರೆ ಇಬ್ಬರೂ ಒಟ್ಟಿಗೆ ಒಪ್ಪಬೇಕಾ, ಒಬ್ಬರಾದ ಮೇಲೆ ಇನ್ನೊಬ್ಬರಾ ಅನ್ನುವುದನ್ನು ಬಿಡಿಸಿ ಬರೆಯಬೇಕು. ಇಲ್ಲದಿದ್ದರೆ ಕಾಗದವೇ ಜಗಳ ತಂದಿಡುತ್ತದೆ.

ಮಗನಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಗೌರಿ ಹಬ್ಬಕ್ಕೆ ಬಂದಾಗ ಹೇಳಿದೆ. "ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ಲ" ಅಂದ. ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಹೊರಡುವ ದಿನ ಕಾಗದ ತೆಗೆದುಕೊಂಡು ಓದಿದ. ಹಾವಿನ ಕಥೆ ಹೇಳಿದೆ, ನಕ್ಕ. ಕಾನೂನಿಗೆ ಅವನ ಸಹಿ ಬೇಕಾಗಿಲ್ಲ. ಆದರೂ ಬೇರೆ ಹಾಳೆಯಲ್ಲಿ "ನಾನು ಓದಿದ್ದೇನೆ, ನನಗೆ ಗೊತ್ತಿದೆ" ಅಂತ ಬರೆದು ಸಹಿ ಮಾಡು ಅಂತ ಕೇಳಿಕೊಂಡೆ. ಮಾಡಿದ. ಪೂರ್ತಿ ಸಮಾಧಾನವಾಗಿದೆ ಅಂತ ನಾನು ಹೇಳಲಾರೆ. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ತಮ್ಮ ಮೊದಲ ಸಲ ಈ ಮಾತಾಡುವುದಂತೂ ತಪ್ಪಿತು.

ಮುಂದಿನದು ಓಡಾಟ. ದೃಢೀಕರಣಕ್ಕೆ ಗೆಜೆಟೆಡ್ ಅಧಿಕಾರಿ ಆಗುತ್ತದೆ ಅಂದಾಗ ನನಗೆ ಮೊದಲು ಹೊಳೆದದ್ದು ಹೈಸ್ಕೂಲಿನ ಹೆಡ್ ಮಾಸ್ತರು. ಪರಿಚಯದವರೊಬ್ಬರ ಹತ್ತಿರ ಹೋದೆ. ಅವರು ಓದಿ, ಕನ್ನಡಕ ತೆಗೆದು, "ಮಾರ್ಕ್ಸ್ ಕಾರ್ಡಿಗಾದ್ರೆ ಕಣ್ಣು ಮುಚ್ಚಿ ಸೀಲ್ ಹಾಕ್ತೀನಿ ಮೇಡಂ, ಇದಕ್ಕೆ ಕೈ ಬರಲ್ಲ" ಅಂದರು. ಪಾಪ, ಅವರ ಕಷ್ಟ ಅವರಿಗೆ. ಹಾಗಾಗಿ ಹಾಸನದ ಕೋರ್ಟಿನ ಹತ್ತಿರ ನೋಟರಿ ಮಾಡುವ ವಕೀಲರೊಬ್ಬರನ್ನು ಮಗಳು ಹುಡುಕಿದಳು.

ಸಾಕ್ಷಿಗಳು ಆದಷ್ಟು ಮನೆಗೆ ಸಂಬಂಧವಿಲ್ಲದವರಾಗಿದ್ದರೆ ಒಳ್ಳೆಯದು. ಆಸ್ತಿ ಬರುವವರನ್ನು ಸಾಕ್ಷಿ ಮಾಡಿದರೆ ನಾಳೆ ಅನುಮಾನಕ್ಕೆ ದಾರಿ. ನನ್ನ ಜೊತೆ ಕೆಲಸ ಮಾಡಿದ ಗಣಿತದ ಮೇಡಂ ಒಬ್ಬರು, ಸಲ್ಲೇಖನದ ಪ್ರಶ್ನೆ ಕೇಳಿದ ಪಕ್ಕದ ತೋಟದವರು ಇನ್ನೊಬ್ಬರು. ಎಲ್ಲರೂ ಆಧಾರ್ ಜೆರಾಕ್ಸ್, ಫೋಟೋ ಹಿಡಿದುಕೊಂಡು ಒಂದೇ ಕಾರಿನಲ್ಲಿ ಹೋದೆವು. ಮದುವೆ ದಿಬ್ಬಣದ ಹಾಗಿತ್ತು.

ಟೈಪ್ ಮಾಡುವ ಹುಡುಗ ಜಮೀನಿನ ಪತ್ರಗಳ ಹಳೇ ಅಭ್ಯಾಸದಲ್ಲಿ "ಚೆಕ್ಕುಬಂದಿ ಹೇಳಿ ಅಮ್ಮ" ಅಂದ, ಅಂದರೆ ನಾಲ್ಕು ದಿಕ್ಕಿನ ಗಡಿ. ನನ್ನ ದೇಹಕ್ಕೆ ಚೆಕ್ಕುಬಂದಿ ಎಲ್ಲಿಂದ ತರಲಿ? ಛಾಪಾ ಕಾಗದವೇ ಬೇಕು ಅಂತ ತೀರ್ಪಿನಲ್ಲಿಲ್ಲ. ನೋಟರಿ 100 ರೂಪಾಯಿ ಈ-ಸ್ಟಾಂಪ್ ಮೇಲೆ ಮಾಡೋಣ, ನೋಡಿದವರು ಗಂಭೀರವಾಗಿ ತಗೊಳ್ತಾರೆ ಅಂದರು. ಸರಿ ಅಂದೆ. ಕನ್ನಡದ ಜೊತೆಗೆ ಇಂಗ್ಲಿಷಿನ ಪ್ರತಿಯನ್ನೂ ಮಾಡಿಸಿದೆವು. ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ಕನ್ನಡ ಓದಲು ಬರದಿದ್ದರೆ ಅಂತ.

ನೋಟರಿ ಮಾಡಿದ ಒಂದು ಕೆಲಸ ನನಗೆ ಇಷ್ಟವಾಯಿತು. ಸಹಿಗೆ ಮೊದಲು ಮಗಳನ್ನು ಹೊರಗೆ ಕಳಿಸಿದರು. "ಯಾರಾದ್ರೂ ಬಲವಂತ ಮಾಡಿದ್ದಾರಾ? ಆಸ್ಪತ್ರೆ ಖರ್ಚಿಗೆ ಹೆದರಿ ಬರೀತಿದ್ದೀರಾ?" ಅಂತ ಸಾಕ್ಷಿಗಳ ಎದುರು ಕೇಳಿದರು. ಇಲ್ಲ ಅಂದೆ. ಆದರೆ ಆ ಎರಡನೇ ಪ್ರಶ್ನೆ ನನ್ನನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿತು. ಎಷ್ಟೋ ಮನೆಗಳಲ್ಲಿ ಅದಕ್ಕೆ ಪ್ರಾಮಾಣಿಕ ಉತ್ತರ "ಹೌದು" ಅಂತಲೇ ಇರುತ್ತದೆ ಅಲ್ವಾ? ಸ್ವಂತ ಇಚ್ಛೆಯಿಂದ ಬರೆದಿದ್ದಾರೆ ಅಂತ ಸಾಕ್ಷಿಗಳೂ ನೋಟರಿಯೂ ದಾಖಲಿಸಬೇಕು. ಯಾವಾಗ ಬೇಕಾದರೂ ಇದನ್ನು ರದ್ದು ಮಾಡಬಹುದು ಅನ್ನುವ ಸಾಲು ಕಾಗದದೊಳಗೇ ಇರಬೇಕು. ಎರಡೂ ಇವೆಯಾ ಅಂತ ಓದಿ ನೋಡಿ ಸಹಿ ಹಾಕಿದೆ.

ಆಮೇಲೆ ಪಂಚಾಯಿತಿ. ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಕೊಡಬೇಕು, ಅವರು ಅದನ್ನು ಕಾದಿಡಲು ಒಬ್ಬರನ್ನು ನೇಮಿಸಬೇಕು ಅಂತ 2023ರ ತೀರ್ಪು. ಪಿಡಿಒ ಇದನ್ನು ಮೊದಲ ಸಲ ನೋಡುತ್ತಿದ್ದರು. "ಇದು ಜನನ ಮರಣದ ರಿಜಿಸ್ಟರಿಗೆ ಬರುತ್ತಾ ಮೇಡಂ?" ಅಂದರು. ಇನ್ನೂ ಬರಲ್ಲ ಅಂದೆ. ಅವರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಮುಂದಿನ ಸಲ ಒಂದು ಮುಖಪತ್ರ ಬರೆದು, ತೀರ್ಪಿನ ಆ ಪುಟ, ಸುತ್ತೋಲೆಯ ಪ್ರತಿ ಲಗತ್ತಿಸಿ ಕೊಟ್ಟೆ. ಟಪಾಲಿನಲ್ಲಿ ನಂಬರ್ ಹಾಕಿ, ನನ್ನ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಒತ್ತಿಕೊಟ್ಟರು. ನೀವು ಹೋಗುವುದಾದರೆ ಆ ಸೀಲ್ ಇಲ್ಲದೆ ವಾಪಸ್ ಬರಬೇಡಿ. ಮುಂದೊಂದು ದಿನ ಆಸ್ಪತ್ರೆಯವರು ಈ ಕಾಗದ ಅಸಲಿಯೇ ಅಂತ ಪರಿಶೀಲಿಸುವುದು ಅಲ್ಲಿರುವ ಪ್ರತಿಯಿಂದ. ಅಥವಾ ಡಿಜಿಟಲ್ ಆರೋಗ್ಯ ದಾಖಲೆಯಿಂದ. ಮಗಳು ನನ್ನ ಆಭಾ ಅನ್ನುವ ಡಿಜಿಟಲ್ ಆರೋಗ್ಯ ಖಾತೆಗೂ ಸ್ಕ್ಯಾನ್ ಮಾಡಿ ಹಾಕಿದ್ದಾಳೆ.

ಕಾಗದ ತೋರಿಸಿದ ಕೂಡಲೇ ಮೆಷಿನ್ ತೆಗೆಯುತ್ತಾರೆ ಅಂತ ಅಂದುಕೊಳ್ಳಬೇಡಿ. ಮೊದಲು ಚಿಕಿತ್ಸೆ ಮಾಡುತ್ತಿರುವ ಡಾಕ್ಟರು ಮತ್ತು ಕನಿಷ್ಠ 5 ವರ್ಷ ಅನುಭವವಿರುವ ಇಬ್ಬರು ತಜ್ಞರು ಸೇರಿದ ಪ್ರಾಥಮಿಕ ಬೋರ್ಡ್ ನೋಡುತ್ತದೆ. ಅವರು ಹೌದು ಅಂದರೆ ಎರಡನೇ ಬೋರ್ಡ್. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು, ಮೊದಲ ಬೋರ್ಡಿನಲ್ಲಿ ಇಲ್ಲದ ಇಬ್ಬರು ತಜ್ಞರು. ಒಂದೊಂದು ಬೋರ್ಡೂ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ನಾನು ಹೆಸರಿಸಿದವರ ಒಪ್ಪಿಗೆ ಬೇಕು. ಕೊನೆಗೆ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಈಗ ತಿಳಿಸಿದರೆ ಸಾಕು, ಅವರು ಬಂದು ನೋಡುವವರೆಗೆ ಕಾಯಬೇಕಿಲ್ಲ. ಬೋರ್ಡ್ ಒಪ್ಪದಿದ್ದರೆ ಮನೆಯವರು ಹೈಕೋರ್ಟಿಗೆ ಹೋಗಬಹುದು. ಇಷ್ಟೆಲ್ಲ ಇರುವುದೇ ಒಳ್ಳೆಯದು ಅಂತ ನನಗೆ ಅನಿಸಿತು. ತಮ್ಮನಿಗೆ ಮಾತ್ರ "ಸಾಯೋಕೂ ಇಷ್ಟು ಕಮಿಟಿನಾ" ಅಂತ ಸಿಟ್ಟು.

ನಮ್ಮ ಕಡೆಯವರಿಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಸಕಲೇಶಪುರದಲ್ಲಿ ಸೀರಿಯಸ್ ಆದರೆ ಹಾಸನಕ್ಕೆ ಒಯ್ಯುತ್ತಾರೆ, ಇಲ್ಲ ಘಾಟಿ ಇಳಿಸಿ ಮಂಗಳೂರಿಗೆ. ಮಳೆಗೆ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಬೆಂಗಳೂರೇ ಗತಿ. ಹಾಸನದಲ್ಲಿ ಬರೆಸಿದ ಕಾಗದ ಮಂಗಳೂರಿನಲ್ಲಿ ನಡೆಯುತ್ತಾ? ನಡೆಯುತ್ತದೆ. ಸುಪ್ರೀಂ ಕೋರ್ಟಿನ ಮಾತು ಇಡೀ ದೇಶಕ್ಕೆ. ಆದರೆ ಆ ರಾತ್ರಿ ಆಂಬುಲೆನ್ಸ್ ಹತ್ತುವವರ ಕೈಯಲ್ಲಿ ಕಾಗದ ಇರಬೇಕಲ್ಲ! ಅದಕ್ಕೇ ಮಗಳ ಹತ್ತಿರ, ತಮ್ಮನ ಹತ್ತಿರ, ಡಾಕ್ಟರ ಹತ್ತಿರ ಒಂದೊಂದು ಪ್ರತಿ ಇದೆ. ಇನ್ನೊಂದು ನನ್ನ ಬಿಪಿ ಮಾತ್ರೆಯ ಡಬ್ಬಿಯ ಕೆಳಗಿದೆ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಬರೆಸಿಯೂ ದಂಡ.

ಅಂಗದಾನಕ್ಕೆ ಹೆಸರು ಕೊಟ್ಟವರು ಒಂದು ವಿಷಯ ಗಮನಿಸಬೇಕು. ಇದನ್ನೂ ಡಾಕ್ಟರೇ ಹೇಳಿದ್ದು. ಮೆದುಳು ಸತ್ತಿದೆ ಅಂತ ಘೋಷಿಸಿದ ಮೇಲೂ ಅಂಗ ತೆಗೆಯುವವರೆಗೆ ವೆಂಟಿಲೇಟರ್ ನಡೆಯುತ್ತಿರಬೇಕು. "ವೆಂಟಿಲೇಟರ್ ಬೇಡ" ಅಂತ ಬರೆದು, ಅಂಗದಾನಕ್ಕೂ ಸಹಿ ಹಾಕಿದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಅಂಗದಾನಕ್ಕೆ ಬೇಕಾದಷ್ಟು ಹೊತ್ತು ಮೆಷಿನ್ ಇರಲಿ ಅಂತ ಒಂದು ಸಾಲು ಸೇರಿಸಿದೆ. ದೇಹದಾನ ಮತ್ತೆ ಬೇರೆ, ಅದಕ್ಕೆ ಮೆಡಿಕಲ್ ಕಾಲೇಜಿನ ಫಾರಂ ತುಂಬಬೇಕು. ನೆಟ್‌ನಲ್ಲಿ ಹುಡುಕಿದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಮುಂಗಡ ನಿರ್ದೇಶನದ ಫಾರಂ ಕೂಡ ಸಿಗುತ್ತದೆ. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ ಸಂಬಂಧಿಸಿದ್ದು, ಇದಕ್ಕೆ ಬಳಸಬೇಡಿ.

ಈಗ ಪಕ್ಕದ ತೋಟದ ಯಜಮಾನರೂ ಬರೆಸುತ್ತೇನೆ ಅಂತ ನನ್ನ ನೋಟ್‌ಬುಕ್ ಒಯ್ದಿದ್ದಾರೆ. ಹಾಗೇ ನಕಲು ಮಾಡಬೇಡಿ, ನಿಮ್ಮ ಕಾಯಿಲೆ ಬೇರೆ, ನಿಮ್ಮ ಮನೆ ಬೇರೆ ಅಂತ ಹೇಳಿ ಕಳಿಸಿದ್ದೇನೆ. ಅವರಿಗೆ ಹೆಣ್ಣುಮಕ್ಕಳಿಲ್ಲ, ಇಬ್ಬರು ಗಂಡುಮಕ್ಕಳು. ಹೆಸರಿನ ಜಾಗಕ್ಕೆ ಬಂದು ನಿಂತಿದ್ದಾರಂತೆ.

ನನ್ನದೂ ಪೂರ್ತಿ ಮುಗಿದಿಲ್ಲ. ಪೈಪಿನ ಸಾಲಿನ ಬಗ್ಗೆ ತಂಗಿ ಇನ್ನೂ ವಾದ ಬಿಟ್ಟಿಲ್ಲ. ಬೋರ್ಡ್ ಹೇಳಿದ ಮೇಲೂ ಸ್ವಲ್ಪ ದಿನ ನೀರು ಮಾತ್ರ ಹೋಗಲಿ ಅಂತ ಅವಳ ಹಟ. ಅದು ನನಗಾಗಿ ಅಲ್ಲ, ಮಗಳ ಮೇಲೆ ಮಾತು ಬರದಿರಲಿ ಅಂತ. ಯೋಚನೆ ಮಾಡುತ್ತಿದ್ದೇನೆ. ಒಂದಕ್ಕಿಂತ ಹೆಚ್ಚು ಕಾಗದ ಇದ್ದರೆ ಕೊನೆಗೆ ಸಹಿ ಮಾಡಿದ್ದೇ ಲೆಕ್ಕಕ್ಕೆ ಬರುತ್ತದೆ. ಬದಲಿಸಬೇಕು ಅನಿಸಿದರೆ ಮತ್ತೆ ಅದೇ ಸಾಕ್ಷಿಗಳು, ಅದೇ ಕಾರು, ಅದೇ ನೋಟರಿ. ಕಾಫಿ ಕುಯ್ಲು ಮುಗಿಯಲಿ, ಅಲ್ಲಿಯವರೆಗೆ ಯಾರಿಗೂ ಪುರುಸೊತ್ತಿಲ್ಲ.